ಚೌಕಳಿ ಸೀರೆಯ ಅಂಗಿ

ನನ್ನ ಹೆಂಡತಿ ತೀರಿಕೊಂಡು ಏಳು ತಿಂಗಳಾಗಿದ್ದಾಗ, ನಾವು ಕಚೇರಿಗೆ ಏನು ತೊಟ್ಟುಕೊಂಡು ಬರಬೇಕು ಎಂದು ಹೇಳುವ ಸುತ್ತೋಲೆಯೊಂದು ನಮ್ಮ ಕಂಪನಿಯಿಂದ ಬಂತು. ನಮ್ಮದು ಹನಿ ನೀರಾವರಿಯ ಪೈಪು ಮಾರುವ ಖಾಸಗಿ ಕಂಪನಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹೀಗೆ ನಾಲ್ಕು ಕಡೆ ಶಾಖೆಗಳಿವೆ. ನಾನು ಇಂಡಿಯ ಶಾಖೆಯಲ್ಲಿ ರೈತರ ಅರ್ಜಿ, ಉತಾರ ಎನ್ನುವ ಪಹಣಿ, ಆಧಾರ್ ಕಾರ್ಡು, ಹೊಲದ ನಕ್ಷೆ ಎಲ್ಲ ಜೋಡಿಸಿ ಫೈಲು ಮಾಡುವವನು. ಲಿಂಬೆ ತೋಟದವರು, ದ್ರಾಕ್ಷಿಯವರು ದಿನವಿಡೀ ಬಂದು ಹೋಗುತ್ತಾರೆ. ಅವರು ಯಾರೂ ಇಷ್ಟು ವರ್ಷದಲ್ಲಿ ನನ್ನ ಅಂಗಿಯನ್ನು ನೋಡಿ ಅರ್ಜಿ ಕೊಟ್ಟವರಲ್ಲ.

ಸುತ್ತೋಲೆ ಇಂಗ್ಲಿಷಿನಲ್ಲಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ಬಿಜಿನೆಸ್ ಕ್ಯಾಜುವಲ್ ಎಂದಿತ್ತು. ನನ್ನ ಪಕ್ಕದ ಮೇಜಿನಲ್ಲಿ ಕೂರುವ, ಪೈಪಿನ ಸ್ಟಾಕು ನೋಡಿಕೊಳ್ಳುವ ಗೆಳೆಯ ಮೊಬೈಲನ್ನು ಹತ್ತಿರ ಹಿಡಿದು ಓದಿದ.

"ಕ್ಯಾಜುವಲ್ ಅಂದ್ರ ರಜಾ ಅಲ್ಲೇನೋ ದೋಸ್ತ? ಬಿಜಿನೆಸ್ ಮಾಡ್ಕೊಂತ ರಜಾ ತಗೋರಿ ಅನ್ನಾಕತ್ತಾರೇನ?"

"ಪೂರ್ತಿ ಓದು," ಎಂದೆ.

"ಓದೇನಿ. ಜೀನ್ಸ್ ಬ್ಯಾಡಂತ. ಟೀ ಶರ್ಟ್ ಬ್ಯಾಡಂತ. ಕಾಲರ್ ಬೇಕಂತ, ತುಂಬು ತೋಳು ಬೇಕಂತ, ಇಸ್ತ್ರಿ ಬೇಕಂತ, ಇನ್‌ಶರ್ಟ್ ಬೇಕಂತ. ಏಪ್ರಿಲ್‌ದಾಗ ಇಂಡ್ಯಾಗ ತುಂಬು ತೋಳು! ಇದನ್ನ ಬರದಾಂವ ಎಸಿ ಹಚ್ಕೊಂಡ ಬರದಾನ ನೋಡ."

ಹೆಣ್ಣುಮಕ್ಕಳಿಗೆ ಬೇರೆ ಒಂದು ಸಾಲು ಇತ್ತು. ಚೂಡಿದಾರ ಅಥವಾ ಸೀರೆ, ಹತ್ತಿಯದಾದರೂ ಆಗಬಹುದು, ಚೊಕ್ಕವಾಗಿರಬೇಕು. ಆ ಸಾಲನ್ನು ನಾನು ಎರಡು ಸಲ ಓದಿದೆ. ಆಗ ಯಾಕೆ ಓದಿದೆನೋ ಗೊತ್ತಿಲ್ಲ.

ನನ್ನ ಬಳಿ ಇದ್ದ ಅಂಗಿಗಳೆಲ್ಲ ಆಯೇರಿಯವು. ನಮ್ಮ ಕಡೆ ಮದುವೆಗೆ, ಮನೆ ತುಂಬುವುದಕ್ಕೆ, ಕೊನೆಗೆ ಸಾವಿನ ದಿನಕರ್ಮಕ್ಕೂ ಬೀಗರು ಬಟ್ಟೆ ಮಾಡಿಸುತ್ತಾರೆ. ಗಂಡಸಿಗೆ ಪ್ಯಾಂಟು ಅಂಗಿಯ ಪೀಸು, ಹೆಂಗಸಿಗೆ ಸೀರೆ, ಕುಪ್ಪಸದ ಖಣ. ಆ ಪೀಸುಗಳು ಒಂದು ಟ್ರಂಕಿನಿಂದ ಇನ್ನೊಂದು ಟ್ರಂಕಿಗೆ ತಿರುಗುತ್ತ ಇರುತ್ತವೆ. ಹೊಲಿಸುವವರು ಕಡಿಮೆ. ನಾನು ಹೊಲಿಸುತ್ತಿದ್ದೆ. ಅವೆಲ್ಲ ಹೊಳೆಯುವ ಪಾಲಿಸ್ಟರ್, ಬಿಸಿಲಿಗೆ ಬೆನ್ನಿಗೆ ಅಂಟಿಕೊಳ್ಳುತ್ತವೆ. ಗೆಳೆಯರೆಲ್ಲ ವಿಜಯಪುರಕ್ಕೆ ಹೋಗಿ ರೆಡಿಮೇಡ್ ಅಂಗಿ ತಂದರು. ನನಗೂ ಬಾ ಎಂದರು. ನಾನು ಹೋಗಲಿಲ್ಲ. ನನ್ನ ಮನೆಯ ಕಪಾಟಿನಲ್ಲಿ ಒಳ್ಳೆಯ ಬಟ್ಟೆ ಇತ್ತು. ಅದು ಅಂಗಿಯಾಗಿರಲಿಲ್ಲ, ಅಷ್ಟೇ.

ನನ್ನ ಹೆಂಡತಿ ಇಂಡಿಯ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಆಕೆ ಉಡುತ್ತಿದ್ದದ್ದು ಮಗ್ಗದ ಹತ್ತಿ ಸೀರೆ. ಸಣ್ಣ ಚೌಕಳಿ, ಅಂಚಿಗೆ ಬೆರಳಗಲದ ಕೆಂಪು ದಡಿ. ನಮ್ಮ ಕಡೆ ಮುದುಕಿಯರು ಹೊಲಕ್ಕೆ ಹೋಗುವಾಗ ಉಡುವ ಸೀರೆ ಅದು. ಕಳೆ ತೆಗೆಯುವಾಗ, ಲಿಂಬೆ ಆರಿಸುವಾಗ ಮೊಣಕಾಲ ತನಕ ಎತ್ತಿ ಕಟ್ಟುವ ಸೀರೆ. ತವರು ಬಾಗೇವಾಡಿಗೆ ಹೋದಾಗ ಮುಂದೆ ಮುದ್ದೇಬಿಹಾಳದ ಪೇಟೆಯ ತನಕ ಹೋಗಿ, ಅಲ್ಲಿ ಒಂದು ಮಗ್ಗದ ಸೀರೆಯ ಅಂಗಡಿಯಿಂದ ಆರಿಸಿ ತರುತ್ತಿದ್ದಳು.

ಶಾಲೆಯಲ್ಲಿ ಮೊದಮೊದಲು ನಕ್ಕರಂತೆ. ಹಿರಿಯ ಶಿಕ್ಷಕರೊಬ್ಬರು "ಏನ್ ಟೀಚರ್, ಸಾಲಿ ಬಿಟ್ಟು ಹೊಲಕ್ಕ ಹೊಂಟೀರೇನ್ರಿ?" ಎಂದಿದ್ದರು. ಈಕೆ, "ಹೊಲದಾಗೂ ಕೆಲಸಾನ ಮಾಡೂದ್ರಿ ಸರ, ಇಲ್ಲೂ ಕೆಲಸಾನ ಮಾಡೂದು. ಕುಂತು ಹರಟಿ ಹೊಡಿಯವರಿಗೆ ಬ್ಯಾರೆ ಸೀರಿ ಬೇಕಾಗ್ತೈತೇನೊ," ಎಂದಳಂತೆ. ಮನೆಗೆ ಬಂದು ಅದನ್ನು ಹೇಳುವಾಗ ಆಕೆಗೆ ನಗು ತಡೆಯಲಾಗಿರಲಿಲ್ಲ. ಆಮೇಲೆ ಯಾರೂ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ, ಯಾಕೆಂದರೆ ಆಕೆ ಆ ಸೀರೆಗಳಿಗೆ ಗಂಜಿ ಹಾಕಿ, ಇಸ್ತ್ರಿ ಮಾಡಿಸಿ, ನೆರಿಗೆ ಒಂದರ ಮೇಲೊಂದು ಕೂರುವಂತೆ ಉಟ್ಟು ನಿಂತರೆ, ತಪಾಸಣೆಗೆ ಬಂದ ಅಧಿಕಾರಿಗಳು ಕೂಡ ಎದ್ದು ಮಾತಾಡಿಸುವ ಹಾಗೆ ಕಾಣುತ್ತಿದ್ದಳು.

ಜ್ವರ ಬಂದು ಒಂಬತ್ತು ದಿನಕ್ಕೆ ಹೋದಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ನಮಗೆ ಮಕ್ಕಳಿರಲಿಲ್ಲ.

ದಿನಕರ್ಮದ ದಿನ ನನ್ನ ತಾಯಿಯ ತಂಗಿ, ಚಡಚಣದ ಚಿಗವ್ವ, ಕಪಾಟು ತೆಗೆದು ಆಕೆಯ ಸೀರೆಗಳನ್ನೆಲ್ಲ ಹಂಚಿಬಿಟ್ಟಳು. ಸತ್ತವರ ಬಟ್ಟೆ ಮನೆಯಲ್ಲಿ ಇಡಬಾರದು ಎಂಬುದು ನಮ್ಮಲ್ಲಿ ಎಲ್ಲರೂ ಒಪ್ಪಿದ ಮಾತು. ನಾನು ಆಗ ಗೋಡೆಗೆ ಒರಗಿ ಕೂತಿದ್ದೆ. ರೇಷ್ಮೆ ಹೋಯಿತು, ಮದುವೆಯ ಸೀರೆ ಹೋಯಿತು, ಚಪ್ಪಲಿ ಕೂಡ ಹೋಯಿತು. ನಾನು ತಲೆ ಎತ್ತಲಿಲ್ಲ. ಒಂದು ತಿಂಗಳಾದ ಮೇಲೆ ಓಣಿಯ ಇಸ್ತ್ರಿಯವನು ಬಾಗಿಲಿಗೆ ಬಂದ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಗಂಟು. "ಅಕ್ಕಾರು ಕೊಟ್ಟಿದ್ರು ರೀ ಸರ. ತರೂದೊ ಬ್ಯಾಡೊ ಅಂತ ಇಷ್ಟ ದಿನ ಇಟ್ಕೊಂಡ ಕುಂತಿದ್ದೆ," ಎಂದ. ಜ್ವರ ಬರುವ ಮೊದಲಿನ ಭಾನುವಾರ ಕೊಟ್ಟಿದ್ದಳಂತೆ. ಐದು ಚೌಕಳಿ ಸೀರೆ. ಹಂಚುವ ಕೈಗೆ ಸಿಗದೆ ಉಳಿದ ಐದು ಸೀರೆ.

ನಾನು ಅವನ್ನು ಕಪಾಟಿನ ನಡುವಿನ ಹಲಗೆಯಲ್ಲಿ ಇಟ್ಟೆ. ಮುಚ್ಚಿಡಲಿಲ್ಲ. ಆದ್ದರಿಂದಲೇ ಸುತ್ತೋಲೆ ಬಂದ ವಾರ ಕಪಾಟು ತೆಗೆದ ಚಿಗವ್ವನ ಕಣ್ಣಿಗೆ ಬಿದ್ದವು.

ಅವಳು ಎರಡು ತಿಂಗಳಿಗೊಮ್ಮೆ ಬರುತ್ತಿದ್ದಳು. ಬರುವಾಗ ಒಣ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಪುಡಿ ತರುತ್ತಿದ್ದಳು. ಒಂಟಿ ಗಂಡಸು ಏನು ತಿನ್ನುತ್ತಾನೋ ಎಂಬ ಚಿಂತೆ ಅವಳಿಗೆ ನಿಜವಾಗಿಯೂ ಇತ್ತು. ಅವಳನ್ನು ಕೆಟ್ಟವಳೆಂದು ನಾನು ಬರೆಯುತ್ತಿಲ್ಲ.

"ಇವೇನೊ ತಮ್ಮಾ? ಇವು ಎಲ್ಲಿಂದ ಬಂದುವು?"

"ಇಸ್ತ್ರಿಗಿ ಹೋಗಿದ್ದುವು."

"ಬಂದ ದಿನಾನ ಯಾರಿಗರ ಕೊಟ್ಟ ಬಿಡಬೇಕಿಲ್ಲೊ? ಹಿಂಗ ಮಡಿಚಿ ಇಟ್ಟಿಯಲ್ಲ, ಅಕಿ ಜೀವ ಇಲ್ಲೇ ತಿರಗ್ತೈತಿ."

"ತಿರಗಲಿ."

"ಬಾಯಿ ನೋಡ ಇವಂದು! ತಿರಗಲಿ ಅಂತಾನ." ಅವಳು ಸೀರೆ ಮುಟ್ಟದೆ ಹಿಂದೆ ಸರಿದಳು. ಮತ್ತೆ ದನಿ ಇಳಿಸಿದಳು. "ನೋಡ, ನಿನಗ ಇನ್ನಾ ನಲವತ್ತು ದಾಟಿ ಒಂದ ವರ್ಷ ಆಗೈತಿ. ಚಡಚಣದಾಗ ಒಬ್ಬಾಕಿ ಅದಾಳ. ಶಾಣ್ಯಾಕಿ. ನಾ ಅವರ ಅವ್ವನ ಕೂಡ ಮಾತಾಡೇನಿ. ಬಂದಾಕಿ ಕಪಾಟ ತಗದ ಕೂಡಲೇ ಇವನ್ನ ಕಂಡ್ರ ಒಂದ ದಿನ ನಿಲ್ತಾಳೇನ ನಿನ್ನ ಮನ್ಯಾಗ?"

"ಯಾರೂ ಬರೂದಿಲ್ಲ ಚಿಗವ್ವ."

"ವರ್ಷ ತುಂಬೂದ್ರಾಗ ಇವು ಮನಿ ಬಿಡಬೇಕು. ನಾ ಹೇಳೀನಿ. ಹೋದವರ ಬಟ್ಟಿ ಮಡಿಚಿ ಇಡೂದು ಸರಿ ಅಲ್ಲ."

"ಮಡಿಚಿ ಇಡೂದಿಲ್ಲ ಬಿಡು," ಎಂದೆ.

ಅವಳು ನನ್ನ ಮಾತನ್ನು ಒಪ್ಪಿಗೆ ಎಂದು ತಿಳಿದಳು. ಅವಳು ಹೋದ ಮರುದಿನ ನಾನು ಐದರಲ್ಲಿ ಒಂದನ್ನು ಚೀಲದಲ್ಲಿ ಹಾಕಿಕೊಂಡು ಟೇಲರ್ ಅಂಗಡಿಗೆ ಹೋದೆ. ಮಡಿಚಿ ಇಡುವುದು ತಪ್ಪಾದರೆ ತೊಡುತ್ತೇನೆ. ನನ್ನ ವಿಚಾರ ಅಷ್ಟು ಸರಳವಾಗಿತ್ತು. ಕಚೇರಿಯವರಿಗೆ ಕಾಲರ್ ಬೇಕಿತ್ತು, ಚಿಗವ್ವನಿಗೆ ಕಪಾಟು ಖಾಲಿ ಬೇಕಿತ್ತು. ನನಗೆ ಆಕೆಯ ಸೀರೆ ನನ್ನ ಮನೆಯ ಹೊಸ್ತಿಲು ದಾಟಿ ಬೇರೆಯವರ ಪಾಲಾಗುವುದು ಬೇಕಿರಲಿಲ್ಲ.

ಟೇಲರ್ ವಯಸ್ಸಾದವರು. ಎಲ್ಲರೂ ಮಾಮಾ ಎನ್ನುತ್ತೇವೆ. ಸೀರೆಯನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸವರಿ, ಒಂದು ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಛಲೋ ಬಟ್ಟಿ ರೀ ಸರ. ಆದ್ರ ಇದು ಸೀರಿ."

"ಹೌದ್ರಿ ಮಾಮಾ. ಎರಡ ಅಂಗಿ ಆಗ್ತಾವೇನ್ರಿ ಇದರಾಗ?"

"ಆಗ್ತಾವ. ಯಾರ ಅಂಗಿ?"

"ನಂದು. ಆಫೀಸಿಗಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ಟೀಚರ್ ಅವರದಲ್ರಿ ಇದು?"

ನಾನು ಹೌದೆಂದು ತಲೆಯಾಡಿಸಿದೆ. ಮಾಮಾ ಸೀರೆಯನ್ನು ಮತ್ತೆ ಮಡಿಚತೊಡಗಿದರು. ಬೇಡ ಎನ್ನುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಬೇರೆ. "ಮೊದಲ ನೀರಾಗ ನೆನಸಿ ಒಣಗಿಸಿ ತರ್ರಿ. ಮಗ್ಗದ ಬಟ್ಟಿ ನೀರ ಕುಡದ ಮ್ಯಾಲನ ತನ್ನ ಖರೇ ಅಳತಿ ತೋರಸ್ತೈತಿ. ಇಲ್ಲಂದ್ರ ಮೊದಲನೇ ಒಗತಕ್ಕ ತೋಳು ಮೊಣಕೈಗಿ ಬರ್ತಾವ. ಇನ್ನೊಂದ ಮಾತು. ಹೋದವರ ಸೀರಿಗಿ ನಾ ಮೊದಲನೇ ಕತ್ರಿ ಹಚ್ಚೂದಿಲ್ಲ. ನೀವ ಬಂದು ಹಚ್ಚಬೇಕು. ಆಮ್ಯಾಲ ನನ್ನ ಕೆಲಸ."

ನೆನೆಸಿ, ನೆರಳಿಗೆ ಒಣಗಿಸಿ, ಮೂರು ದಿನದ ಮೇಲೆ ಒಯ್ದೆ. ಮಾಮಾ ಸೀಮೆಸುಣ್ಣದಿಂದ ಗೆರೆ ಎಳೆದು ದೊಡ್ಡ ಕತ್ತರಿಯನ್ನು ನನ್ನ ಕೈಗಿಟ್ಟರು. ಅದು ನಾನು ತಿಳಿದದ್ದಕ್ಕಿಂತ ಭಾರವಾಗಿತ್ತು. ಒಂದು ಗೇಣು ಕತ್ತರಿಸಿದೆ. ಹತ್ತಿ ಬಟ್ಟೆ ಕತ್ತರಿಸುವ ಸಪ್ಪಳ ಪಾಲಿಸ್ಟರಿನ ಸಪ್ಪಳಕ್ಕಿಂತ ಬೇರೆ, ಒಣ ಎಲೆ ತುಳಿದ ಹಾಗೆ. "ಸಾಕು ಸರ, ಇತ್ತಾಗ ಕೊಡ್ರಿ. ಇನ್ನ ಮುಂದ ಹೋದ್ರ ಗೆರಿ ಬಿಡ್ತೀರಿ," ಎಂದು ಮಾಮಾ ಕತ್ತರಿ ಇಸಿದುಕೊಂಡರು.

ಹೊಲದ ಸೀರೆಯ ಬಟ್ಟೆ ಕಚೇರಿಯ ಅಂಗಿಯಾಗಬೇಕಾದರೆ ಏನೇನು ಬೇಕು ಎಂಬುದನ್ನು ನಾನು ಮಾಮಾನಿಂದ ಕಲಿತೆ. ಇಂಥ ಬಟ್ಟೆ ಮೆತ್ತಗಿರುತ್ತದೆ, ತಾನಾಗಿ ನಿಲ್ಲುವುದಿಲ್ಲ. ಅದಕ್ಕೆ ಕಾಲರಿನೊಳಗೆ ಗಟ್ಟಿ ಕ್ಯಾನ್ವಾಸ್ ಹಾಕಬೇಕು. ಗುಂಡಿಯ ಪಟ್ಟಿಯಲ್ಲಿ, ಕಿಸೆಯಲ್ಲಿ ಚೌಕಳಿಗೆ ಚೌಕಳಿ ಕೂಡಬೇಕು. ಒಂದು ಎಳೆ ತಪ್ಪಿದರೂ ಅದು ಮನೆಯ ಅಂಗಿಯಾಗುತ್ತದೆ. ಗುಂಡಿ ಹೊಳೆಯಬಾರದು. ಕೆಳಗಿನ ಅಂಚು ಗುಂಡಗಿರಬೇಕು, ಇನ್‌ಶರ್ಟ್ ಮಾಡಿದರೆ ಕಿತ್ತು ಬರದಷ್ಟು ಉದ್ದ ಇರಬೇಕು. ಸೆರಗಿನ ಬಟ್ಟೆಯನ್ನು ಭುಜದ ಒಳಗಿನ ಪದರಕ್ಕೆ ಹಾಕಿದರು.

"ದಡಿ ಏನ ಮಾಡೂನ್ರಿ?" ಎಂದು ಕೇಳಿದರು. "ಆಫೀಸಿಗಿ ದಡಿ ಬ್ಯಾಡ. ಕಡದ ಬಿಡ್ತೇನಿ."

"ಒಗಿಬ್ಯಾಡ್ರಿ. ತೋಳಿನ ಪಟ್ಟಿ ಒಳಮಗ್ಗಲಿಗಿ ಹಾಕ್ರಿ."

"ಯಾರಿಗೂ ಕಾಣೂದಿಲ್ಲಲ್ರಿ ಅಲ್ಲಿ."

"ಕಾಣದಿದ್ರ ನಡೀತೈತ್ರಿ."

ಅಂಗಿ ಚೆನ್ನಾಗಿ ಬಂತು. ಆದರೆ ತೊಟ್ಟು ಕನ್ನಡಿಯ ಮುಂದೆ ನಿಂತಾಗ ಅದಕ್ಕೆ ಆಕೆಯ ಸೀರೆಗಿದ್ದ ಬಿಗಿ ಇರಲಿಲ್ಲ. ಗಂಜಿ ಬೇಕು ಎಂದು ಹೊಳೆಯಿತು. ಆಕೆ ಭಾನುವಾರ ಒಂದು ಪಾತ್ರೆಯಲ್ಲಿ ಬಿಳಿಯದೇನೋ ಕುದಿಸಿ ತಿರುವುತ್ತಿದ್ದದ್ದು ನೆನಪಿತ್ತು. ಏನು ಕುದಿಸುತ್ತಿದ್ದಳೆಂದು ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಹಿಟ್ಟು ಅಂದರೆ ಜೋಳದ ಹಿಟ್ಟು. ಹಿಟ್ಟು ನೀರು ಕುದಿಸಿದರೆ ಗಂಜಿಯಲ್ಲದೆ ಮತ್ತೇನು? ಎರಡು ಮುಷ್ಟಿ ಜೋಳದ ಹಿಟ್ಟು ಕದಡಿ ಕುದಿಸಿ ಅಂಗಿ ಅದ್ದಿ ತೆಗೆದೆ. ಒಣಗಿದ ಮೇಲೆ ಅದು ಹಲಗೆಯ ಹಾಗೆ ತಾನೇ ನಿಂತಿತು. ನನಗೆ ಖುಷಿಯಾಯಿತು. ಇಸ್ತ್ರಿಯವನು ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದ, ಏನೂ ಅನ್ನಲಿಲ್ಲ. ನನ್ನ ಮೇಲಿನ ಮರುಕದಿಂದ ಸುಮ್ಮನಿದ್ದ ಎಂದು ಈಗ ಅನ್ನಿಸುತ್ತದೆ.

ಸೋಮವಾರ ಅದನ್ನು ತೊಟ್ಟು ಕಚೇರಿಗೆ ಹೋದೆ. ಹನ್ನೊಂದರ ಹೊತ್ತಿಗೆ ಬೆವರು ಶುರುವಾಯಿತು. ಗೆಳೆಯ ಮೂಗು ಏರಿಸಿದ.

"ಯಾರ ಡಬ್ಬ್ಯಾಗಿನ ಅಂಬಲಿ ಚೆಲ್ಲೇತಿ ನೋಡ್ರೆಪಾ. ಹುಳಿ ವಾಸ್ನಿ ಬರಾಕತ್ತೈತಿ."

ಎಲ್ಲರೂ ತಮ್ಮ ಡಬ್ಬಿ ನೋಡಿಕೊಂಡರು. ನಾನೂ ನೋಡಿಕೊಂಡೆ. ಆಗ ಝಳಕಿ ಕಡೆಯ ರೈತರೊಬ್ಬರು ನನ್ನ ಮುಂದೆ ಉತಾರ ಹಿಡಿದು ಕೂತಿದ್ದರು. ಅವರು ಬಗ್ಗಿ ನನ್ನ ಕಾಲರ್ ನೋಡಿದರು. ಕಾಲರಿನ ಮಡಿಕೆಯಿಂದ ಬಿಳಿ ಹೊಟ್ಟು ಉದುರಿ ಅವರ ಕಾಗದದ ಮೇಲೆ ಬಿದ್ದಿತ್ತು. "ಸರ, ಮುಂಜಾನಿ ರೊಟ್ಟಿ ಬಡದ ಹಂಗ ಎದ್ದು ಬಂದೀರೇನ್ರಿ?" ಎಂದರು.

ಕಚೇರಿ ತುಂಬ ನಗು. ನನಗೂ ನಗು ಬಂತು. ಏಳು ತಿಂಗಳ ಮೇಲೆ ಬಂದ ನಗು. ಅದು ಎಷ್ಟು ಜೋರಾಗಿತ್ತೆಂದರೆ ಗೆಳೆಯ ಗಾಬರಿಯಾಗಿ ನೀರು ತಂದುಕೊಟ್ಟ.

ಸಂಜೆ ಮಾಮಾನ ಅಂಗಡಿಗೆ ಹೋದೆ. ಅವರು ಅಂಗಿ ಮುಟ್ಟಿ ನೋಡಿ ತಲೆ ಚಚ್ಚಿಕೊಂಡರು. "ಜ್ವಾಳದ ಹಿಟ್ಟು ರೊಟ್ಟಿಗಿ ರೀ! ಬಟ್ಟಿಗಿ ಸಾಬೂದಾಣಿ ಗಂಜಿ. ಟೀಚರ್ ಹೇಳಿರಲಿಲ್ಲೇನ?"

ನಮ್ಮ ಅಡುಗೆಮನೆಯಲ್ಲಿ ಒಂದು ಡಬ್ಬಿ ಸಾಬೂದಾಣಿ, ಅಂದರೆ ಸಬ್ಬಕ್ಕಿ, ಯಾವಾಗಲೂ ಇರುತ್ತಿತ್ತು. ನಮ್ಮಲ್ಲಿ ಯಾರೂ ಉಪವಾಸ ಮಾಡುವವರಲ್ಲ, ಆಕೆಗೆ ಸಾಬೂದಾಣಿ ಖಿಚಡಿ ಸೇರುತ್ತಲೂ ಇರಲಿಲ್ಲ. ನನಗೆ ಹೇಳದೆ ಮಕ್ಕಳಾಗಲೆಂದು ಏನೋ ವ್ರತ ಹಿಡಿದಿದ್ದಾಳೆ ಎಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಕೇಳಿದರೆ ನೋವಾದೀತು ಎಂದು ಕೇಳಿರಲಿಲ್ಲ. ಆಕೆ ಯಾವ ವ್ರತವನ್ನೂ ಹಿಡಿದಿರಲಿಲ್ಲ. ಸೀರೆಗೆ ಗಂಜಿ ಕಾಸುತ್ತಿದ್ದಳು. ಮನೆಗೆ ಹೋಗಿ ಆ ಡಬ್ಬಿ ತೆಗೆದೆ. ಅರ್ಧ ಇತ್ತು.

ಯಾರಿಗಾದರೂ ಬೇಕಾದೀತೆಂದು ಬರೆದಿಡುತ್ತೇನೆ. ಒಂದು ಮುಷ್ಟಿ ಸಾಬೂದಾಣಿಯನ್ನು ನೆನೆಸಿ, ಎರಡು ತಂಬಿಗೆ ನೀರಿನಲ್ಲಿ ಕಾಳು ಕರಗಿ ಗಾಜಿನ ಹಾಗೆ ಆಗುವ ತನಕ ಕುದಿಸಬೇಕು. ಬಟ್ಟೆಯಿಂದ ಸೋಸಬೇಕು, ಸೋಸದಿದ್ದರೆ ಗಂಟು ಕೂರುತ್ತದೆ. ತಣ್ಣೀರು ಬೆರೆಸಿ ತೆಳ್ಳಗೆ ಮಾಡಿ, ಒದ್ದೆ ಅಂಗಿಯನ್ನು ಒಳಮಗ್ಗಲು ಹೊರಗೆ ಮಾಡಿ ಅದ್ದಬೇಕು. ನೆರಳಿಗೆ ಒಣಗಿಸಬೇಕು. ಪೂರ್ತಿ ಒಣಗುವ ಮೊದಲು, ಮುಟ್ಟಿದರೆ ತಂಪು ಅನ್ನಿಸುವಾಗ ಇಸ್ತ್ರಿ ಹಾಕಬೇಕು, ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ಬೆನ್ನು. ಕರಿ ಅಥವಾ ಬೂದು ಬಣ್ಣದ ಪ್ಯಾಂಟಿನ ಮೇಲೆ ಇನ್‌ಶರ್ಟ್ ಮಾಡಿದರೆ ಇದು ಹೊಲದ ಬಟ್ಟೆ ಎಂದು ಯಾರಪ್ಪನಿಗೂ ಗೊತ್ತಾಗುವುದಿಲ್ಲ. ಬೆನ್ನಿಗೂ ಅಂಟುವುದಿಲ್ಲ.

ಗೊತ್ತಾಗಲೂ ಇಲ್ಲ. ಜೂನ್ ಹೊತ್ತಿಗೆ ಎರಡು ಸೀರೆಗಳಿಂದ ನಾಲ್ಕು ಅಂಗಿಗಳಾಗಿದ್ದವು. ರೈತರು ಎಲ್ಲಿಯ ಬಟ್ಟೆ ಎಂದು ಕೇಳುತ್ತಿದ್ದರು, ಮುದ್ದೇಬಿಹಾಳದ್ದು ಎನ್ನುತ್ತಿದ್ದೆ. ಸುಳ್ಳಲ್ಲವಲ್ಲ.

ಆ ತಿಂಗಳು ನಾಲ್ಕೂ ಶಾಖೆಯವರ ಸಭೆ ಸಿಂದಗಿಯಲ್ಲಿ ಇತ್ತು. ಏರಿಯಾ ಮ್ಯಾನೇಜರ್ ಬಂದಿದ್ದರು. ಮೈಸೂರು ಕಡೆಯ ಹುಡುಗ ವಯಸ್ಸಿನವರು, ಮಾತು ಮೆತ್ತಗೆ. ನನ್ನನ್ನು ನೋಡಿದವರೇ ಉಳಿದವರ ಕಡೆ ತಿರುಗಿ, "ನೋಡಿ, ಡ್ರೆಸ್ ಅಂದ್ರೆ ಹೀಗಿರಬೇಕು. ಸಿಂಪಲ್ ಆಗಿ, ನೀಟ್ ಆಗಿ," ಎಂದರು. ಊಟದ ಹೊತ್ತಿಗೆ ಕೈ ತೊಳೆಯಲು ತೋಳು ಮಡಿಚಿದೆ. ತೋಳಿನ ಪಟ್ಟಿಯ ಒಳಗಿನ ಕೆಂಪು ದಡಿ ಹೊರಗೆ ಬಂತು. ಸಿಂದಗಿ ಶಾಖೆಯವನೊಬ್ಬ ಪಕ್ಕದಲ್ಲಿದ್ದ. ಮೋರಟಗಿ ಕಡೆಯವನು, ಅವನ ಮನೆಯಲ್ಲೂ ಅಜ್ಜಿ ಅದೇ ಸೀರೆ ಉಡುತ್ತಿದ್ದಿರಬೇಕು.

"ಲೇ ಇದು ಸೀರಿ ದಡಿ ಅಲ್ಲೇನ್ಲೇ?" ಎಂದು ಕೂಗಿದ. "ಬರ್ರಿಲ್ಲೆ, ಇಂಡಿ ಸಾಹೇಬ್ರು ಸೀರಿ ಉಟ್ಕೊಂಡ ಬಂದಾರ!"

ಗಂಡಸಿಗೆ ಸೀರೆ ಉಟ್ಟವನು ಎನ್ನುವುದು ನಮ್ಮಲ್ಲಿ ಎಂಥ ಬೈಗುಳ ಎಂದು ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಊರಿನವರು ತಟ್ಟೆ ಹಿಡಿದುಕೊಂಡು ತಿರುಗಿದರು. ನಾನೇ ಹೇಳಿದ್ದರಿಂದ ನನ್ನ ಗೆಳೆಯನಿಗೆ ಮಾತ್ರ ವಿಷಯ ಗೊತ್ತಿತ್ತು. "ಸುಮ್ಕಿರೋ ಮಾರಾಯಾ," ಎಂದು ಸಿಂದಗಿಯವನ ಭುಜ ಹಿಡಿದ. ನಾನು ಆ ಹೊತ್ತಿಗೆ ತೋಳು ಇಳಿಸಬಹುದಿತ್ತು. ಇಳಿಸಲಿಲ್ಲ. ಇನ್ನೊಂದು ತೋಳನ್ನೂ ಮಡಿಚಿದೆ.

"ಹೌದು," ಎಂದೆ. "ನನ್ನ ಹೆಂಡ್ತಿ ಸೀರಿ. ಹೋದ ವರ್ಷ ಹೋದಾಕಿ. ಅಕಿ ಉಟ್ಟ ಸೀರಿ ನಾ ತೊಟ್ಟೇನಿ. ಇನ್ನೇನರ ಕೇಳೂದಿತ್ತೇನ?"

ಅವನು ತಟ್ಟೆಯ ಕಡೆ ನೋಡಿದ. ಯಾರೂ ನಗಲಿಲ್ಲ. ನಕ್ಕಿದ್ದರೂ ನನಗೇನೂ ಆಗುತ್ತಿರಲಿಲ್ಲ ಎಂದು ಅಲ್ಲಿ ನಿಂತಾಗಲೇ ಗೊತ್ತಾಯಿತು.

ಊಟವಾದ ಮೇಲೆ ಮ್ಯಾನೇಜರ್ ಪಕ್ಕಕ್ಕೆ ಕರೆದರು. ಅವರಿಗೆ ನಿಜವಾಗಿಯೂ ಇರಿಸುಮುರಿಸಾಗಿತ್ತು. "ನಿಮ್ಮ ಫೀಲಿಂಗ್ಸ್ ಅರ್ಥ ಆಗತ್ತೆ ಸಾರ್. ಆದ್ರೆ ಆಫೀಸು, ಗೊತ್ತಲ್ಲ, ಜನ ಮಾತಾಡ್ತಾರೆ. ಸೀರೆ ಬಟ್ಟೆ ಬೇಡ. ಬೇರೆ ಹಾಕ್ಕೊಂಡು ಬನ್ನಿ."

"ಊಟದ ಮೊದಲ ಛಲೋ ಐತಿ ಅಂದ್ರಲ್ರಿ ಸರ."

"ಆಗ ಗೊತ್ತಿರಲಿಲ್ವಲ್ಲ."

"ಅಂಗಿ ಅದಾ ಐತ್ರಿ."

ವಾರದಲ್ಲಿ ವಿವರಣೆ ಕೇಳಿ ಕಾಗದ ಬಂತು. ನಿಯಮಕ್ಕೆ ವಿರುದ್ಧವಾದ ಉಡುಪು ಎಂದಿತ್ತು. ನಾನು ಹೆಚ್ಚು ಓದಿದವನಲ್ಲ, ಆದರೆ ರೈತರ ಅರ್ಜಿ ತಿರಸ್ಕಾರವಾದಾಗ ಮೇಲ್ಮನವಿ ಬರೆದು ಬರೆದು ಕೈ ಪಳಗಿದೆ. ಕನ್ನಡದಲ್ಲೇ ಬರೆದೆ. ಅಂಗಿಗೆ ಕಾಲರ್ ಇದೆ. ತುಂಬು ತೋಳು ಇದೆ. ಇಸ್ತ್ರಿ ಇದೆ. ತಮ್ಮ ಸುತ್ತೋಲೆಯ ಪ್ರಕಾರ ಇದೇ ಬಟ್ಟೆಯನ್ನು ಸೀರೆಯಾಗಿ ಉಟ್ಟು ಹೆಣ್ಣುಮಗಳೊಬ್ಬಳು ಬರಬಹುದು. ಬಟ್ಟೆ ತಪ್ಪಲ್ಲವಾದರೆ ತಪ್ಪು ಯಾವುದು ಎಂದು ತಿಳಿಸಬೇಕು. ತಿಳಿಸುವ ತನಕ ಇದನ್ನೇ ತೊಟ್ಟು ಬರುತ್ತೇನೆ.

ತಿಳಿಸಲಿಲ್ಲ. ಮುಂದಿನ ಸಭೆಗೆ ನನ್ನನ್ನು ಕರೆಯಲಿಲ್ಲ. ನನಗೆ ಬರಬೇಕಿದ್ದ ಹಿರಿಯ ಸಹಾಯಕನ ಹುದ್ದೆ ಮುದ್ದೇಬಿಹಾಳದವನಿಗೆ ಹೋಯಿತು. ಗೆಳೆಯ, "ಒಂದ ಅಂಗಿ ಸಲುವಾಗಿ ಇಷ್ಟ ಬೇಕಿತ್ತೇನೋ ದೋಸ್ತ?" ಎಂದು ಕೇಳಿದ. ಬೇಕಿತ್ತು ಎಂದೆ. ಮರುದಿನ ಇನ್ನೊಂದನ್ನು ತೊಟ್ಟು ಹೋದೆ.

ಆಕೆ ತೀರಿಕೊಂಡು ವರ್ಷ ತುಂಬುವ ದಿನ ಬಂತು. ಚಿಗವ್ವ ಎರಡು ದಿನ ಮೊದಲೇ ಬಂದಿದ್ದಳು. ಬಾಗೇವಾಡಿಯಿಂದ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮುಂಜಾನೆಯ ಬಸ್ಸಿಗೆ ಬಂದರು. ನಾನು ಬೇಕೆಂದೇ ಚೌಕಳಿಯ ಅಂಗಿ ತೊಟ್ಟಿದ್ದೆ. ನಡುವೆ ಬಂದಾಗ ಕಪಾಟು ತೆಗೆಯದಿದ್ದ ಚಿಗವ್ವ ಹಿಂದಿನ ದಿನವಷ್ಟೇ ಅಂಗಿಗಳ ವಿಷಯ ತಿಳಿದು ಹಣೆ ಬಡಿದುಕೊಂಡಿದ್ದಳು. ಅವಳಿಗಿಂತ ನನಗೆ ಅತ್ತೆಯ ಭಯವಿತ್ತು. ಉಳಿದ ಎಲ್ಲರಿಗೂ ನನ್ನ ಹತ್ತಿರ ಉತ್ತರವಿತ್ತು. ಮಗಳ ಸೀರೆಗೆ ಕತ್ತರಿ ಹಾಕಿದಿರಾ ಎಂದು ಅವರು ಕೇಳಿದರೆ ಏನು ಹೇಳುವುದು?

ಅತ್ತೆ ಹೊಸ್ತಿಲ ಹೊರಗೇ ನಿಂತು ನನ್ನನ್ನು ನೋಡಿದರು. ಮುಂದೆ ಬಂದು ತೋಳಿನ ಪಟ್ಟಿಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದರು.

"ಇದು ಅಕಿ ಮುದ್ದೇಬಿಹಾಳದಾಗ ತಗೊಂಡದ್ದಲ್ರಿ ಅಳಿಯಾರ?"

"ಹೌದ್ರಿ ಅತ್ತಿ."

"ನಾನೂ ಇದ್ದೆ ಅವತ್ತ ಅಂಗಡ್ಯಾಗ. ಬ್ಯಾಡ ಅಂದಿದ್ದೆ. ಹೊಲದ ಸೀರಿ, ನೌಕರಿದಾಕಿ ಇದನ್ನ ಉಡ್ತಿಯೇನ ಅಂತ ಮಂದಿ ಮುಂದ ಬೈದಿದ್ದೆ." ಪಟ್ಟಿಯನ್ನು ಬಿಟ್ಟರು. ಒಳಗೆ ಹೋದರು. ಅದು ಸಿಟ್ಟೋ ಅಲ್ಲವೋ ನನಗೆ ತಿಳಿಯಲಿಲ್ಲ.

ಬಂಧುಗಳು, ಓಣಿಯವರು ಸೇರಿದ ಮೇಲೆ ಪೂಜೆ ಮುಗಿಯಿತು. ಊಟಕ್ಕೆ ಕೂರುವ ಮೊದಲು ಚಿಗವ್ವ ಕಪಾಟಿನಲ್ಲಿದ್ದ ಉಳಿದ ಮೂರು ಸೀರೆಗಳನ್ನು ಕೈ ತಾಗದ ಹಾಗೆ ಒಂದು ಟವೆಲ್ಲಿನಲ್ಲಿ ಸುತ್ತಿ ಕಟ್ಟಿ ಪಡಸಾಲೆಗೆ ತಂದಿಟ್ಟಳು. ತಗೊಂಡು ಹೋಗಲೆಂದು ಓಣಿಯ ಹೆಂಗಸೊಬ್ಬಳನ್ನೂ ಕರೆಸಿದ್ದಳು. ಆಕೆ ಬಾಗಿಲಲ್ಲಿ ಮುಜುಗರದಿಂದ ನಿಂತಿದ್ದಳು.

"ಕೊಟ್ಟ ಕೈ ತೊಳ್ಕೊ ತಮ್ಮಾ. ಇವತ್ತಿಗಿ ಮುಗೀತು."

"ಕೊಡೂದಿಲ್ಲ."

"ಹೆತ್ತಾಕಿ ಇಲ್ಲೇ ಅದಾಳಲ್ಲ, ಅಕಿನ್ನ ಕೇಳು ಹಂಗಾರ. ಇಡೂದು ಸರಿಯೇನವಾ?"

ಅತ್ತೆ ಗಂಟಿನ ಮುಂದೆ ಕುಳಿತು ಬಿಚ್ಚಿದರು. ಮೂರರಲ್ಲಿ ಒಂದನ್ನು ಎತ್ತಿಕೊಂಡರು. "ಇದೊಂದ ನನಗ ಕೊಡ್ತೀರೇನ್ರಿ ಅಳಿಯಾರ?" ಎಂದರು.

ವರ್ಷವಿಡೀ ಇಲ್ಲ ಎನ್ನುವುದನ್ನೇ ರೂಢಿ ಮಾಡಿಕೊಂಡಿದ್ದೆ. ಇದಕ್ಕೂ ಬಾಯಿಗೆ ಮೊದಲು ಇಲ್ಲ ಎಂದೇ ಬಂತು, ಹಲ್ಲು ಕಚ್ಚಿ ತಡೆದೆ. "ಏನ ಮಾಡ್ತೀರ್ರಿ ಅದನ್ನ?" ಎಂದು ಕೇಳಿದೆ. ಒರಟಾಗಿ ಕೇಳಿದೆ ಎಂದು ಗೊತ್ತು. ಅವರು ಅದನ್ನು ಒಯ್ದು ಟ್ರಂಕಿನಲ್ಲಿ ಇಡುತ್ತಾರೆ, ಇಲ್ಲ ಯಾರಿಗೋ ದಾನ ಕೊಡುತ್ತಾರೆ ಎಂದುಕೊಂಡಿದ್ದೆ.

"ಸೀರಿ ಏನ ಮಾಡ್ತಾರ? ಉಡ್ತೇನಿ."

"ಶಿವನೇ!" ಎಂದಳು ಚಿಗವ್ವ. "ಸತ್ತ ಮಗಳ ಸೀರಿ ತಾಯಿ ಉಡೂದಂತ ಎಲ್ಲೆರ ಐತೇನ?"

"ಇಲ್ಲ," ಎಂದರು ಅತ್ತೆ. ಸೀರೆ ಎದೆಗೆ ಅವಚಿಕೊಂಡು ನನ್ನ ಕಡೆಯೇ ನೋಡುತ್ತಿದ್ದರು. "ಅಳಿಯಾರು ಹೂಂ ಅಂದ್ರ ಇಲ್ಲೇ ಉಡ್ತೇನಿ. ಇಲ್ಲಂದ್ರ ಮತ್ತ ಗಂಟ ಕಟ್ಟತೇನಿ."

"ಉಡ್ರಿ ಅತ್ತಿ," ಎಂದೆ.

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹೊರಗೆ ಬಂದಾಗ ಅವರಿಗೆ ಆ ಸೀರೆ ಉದ್ದವಾಗಿತ್ತು. ಮಗಳು ತಾಯಿಗಿಂತ ಎತ್ತರವಿದ್ದಳು. ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಹೊಲಕ್ಕೆ ಹೊರಟವರ ಹಾಗೆಯೇ ಕಾಣುತ್ತಿದ್ದರು. ಬಾಗಿಲಲ್ಲಿದ್ದ ಹೆಂಗಸು ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡಳು. ಊಟ ಮಾಡಿ ಹೋಗು ಎಂದು ನಾನು ಅವಳನ್ನು ಒಳಗೆ ಕರೆದೆ.

"ನಿಮ್ಮಿಬ್ಬರ ತಲಿನೂ ಕೆಟ್ಟೈತಿ," ಎಂದಳು ಚಿಗವ್ವ. ಅವಳ ಕಣ್ಣಲ್ಲಿ ನೀರಿತ್ತು.

"ಕೆಟ್ಟೈತವಾ," ಎಂದರು ಅತ್ತೆ. "ಉಳಿದ ಎರಡ ಅವರ ಅಂಗಿಗಿ ಇರಲಿ, ಕಪಾಟಿನಾಗ ಇಟ್ಟ ಬಾ. ಮಂದಿ ಹಸದ ಕುಂತಾರ, ನಾ ಪಲ್ಯ ನೀಡ್ತೇನಿ."

ಚಿಗವ್ವ ಬಗ್ಗಿ, ವರ್ಷವಿಡೀ ಮುಟ್ಟದ ಆ ಸೀರೆಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಪಾಟಿನ ಕಡೆ ನಡೆದಳು. ಅತ್ತೆ ಪಲ್ಯದ ಪಾತ್ರೆ ಹಿಡಿದು ಸಾಲಿನ ತುದಿಯಿಂದ ನೀಡುತ್ತ ಬಂದರು. ನಾನು ತೋಳು ಮಡಿಚಿ ಅವರ ಹಿಂದೆ ರೊಟ್ಟಿ ಹಾಕುತ್ತ ಹೋದೆ.